ಮೂರೂವರೆ ಬೆರಳು

ಗಾಜು ಮುಟ್ಟಬಾರದು, ಸರಿ.
ಈಚೆ ನಿಂತು ಪೊರಕೆಕಡ್ಡಿ ಹಿಡಿದು
ಒಂದು ಕಣ್ಣು ಮುಚ್ಚಿ ಅಳೆದೆ.
ಕಾವಲಿನ ತಿಪ್ಪೇರುದ್ರಪ್ಪ ಎಲೆಯಡಿಕೆ ಮೆಲ್ಲುತ್ತ
'ಏನಪ್ಪ ಮೌನೇಶಾಚಾರಿ, ಇವತ್ತೂ ಬಂದ್ಯಾ?
ಅದೇನು ದಿನಾ ಬೆಳಿತೈತಾ?' ಅಂದ.

ಬೆಳೆಯುವುದಿಲ್ಲ, ಸವೆದಿದೆ.
ಎಡದ ಕಂಬಿ ಬಲದ್ದಕ್ಕಿಂತ ಒಂದು ಜೋಳದ ಕಾಳು ತೆಳು.
ನಡುವೆ ಎರಡು ಅಡ್ಡಪಟ್ಟಿ,
ಎರಡೇ ಮೆಟ್ಟಿಲಿನ ಏಣಿ.
ಪಕ್ಕದ ಚೀಟಿಯಲ್ಲಿ: ಕಟಾರಿ. ಕಬ್ಬಿಣ. ಕಾಲ ತಿಳಿದಿಲ್ಲ.
ಮಾಡಿದವನ ಹೆಸರಿಗೆ ಜಾಗವನ್ನೇ ಬಿಟ್ಟಿಲ್ಲ.

ಬುರುಜನಹಟ್ಟಿಯ ನನ್ನ ಕುಲುಮೆಗೆ ಈಗ ತಿದಿಯಿಲ್ಲ,
ಹಳೇ ಕೂಲರಿನ ಮೋಟಾರು ಗಾಳಿ ಊದುತ್ತದೆ.
ಕರೆಂಟು ಹೋದರೆ ಕಾದದ್ದು ಕಾದಲ್ಲೇ ತಣಿಯುತ್ತದೆ.
ಹೊಳಲ್ಕೆರೆ ರಸ್ತೆಯ ಗುಜರಿಯಿಂದ ತೂಕಕ್ಕೆ ತಂದ
ಲಾರಿಯ ಕಮಾನುಪಟ್ಟಿ,
ಬಂದರಿನ ದಾರಿಯುದ್ದಕ್ಕೂ
ತನ್ನದೇ ಅದಿರನ್ನು ಹೊತ್ತ ಕಬ್ಬಿಣ.
ಬೆಂಕಿಗಿಟ್ಟರೆ ಮೊದಲು ಗ್ರೀಸಿನ ವಾಸನೆ,
ಆಮೇಲೆ ತಾನು ಯಾರೆಂಬುದನ್ನು ಮರೆಯುತ್ತದೆ.

ಮುತ್ತುಗದ ಹೂವಿನ ಬಣ್ಣ ಬಂದಾಗ ಬಡಿ,
ಬದನೆಕಾಯಿಗೆ ಇಳಿದರೆ ನಿಲ್ಲಿಸು:
ಅಪ್ಪ ಹೇಳಿದ್ದು, ಕುಳಕ್ಕೆ ಬಾಯಿ ತಟ್ಟುತ್ತ.
ಕಟಾರಿ ಅವನು ಕಂಡವನಲ್ಲ.
ಗಿರಾಕಿ ಕೇಳಿದರೆ 'ನಮ್ಮದು ಕೋಟೆಗೆ ಕತ್ತಿ ಕೊಟ್ಟ ವಂಶ' ಎನ್ನುತ್ತೇನೆ,
ಐನೂರು ಜಾಸ್ತಿ ಸಿಗುತ್ತದೆ.
ನಿಮಗೇಕೆ ಸುಳ್ಳು,
ನಾವು ಗಾಡಿಚಕ್ರಕ್ಕೆ ಪಟ್ಟಾ ಹಾಕಿದವರು.

ಒಂದು ತಿಂಗಳು ಹಿಡಿಯಿತು. ಮುಗಿಸಿ, ಹಿಡಿದು ನೋಡಿದರೆ
ನನ್ನ ಕೈ ಒಳಗೆ ಹೋಗಲಿಲ್ಲ.
ಮೂರು ಬೆರಳು ಹೋದವು. ಕಿರುಬೆರಳು ಅರ್ಧಕ್ಕೆ ನಿಂತಿತು,
ಮದುವೆಮನೆಯಲ್ಲಿ ಪಂಕ್ತಿ ತಪ್ಪಿದವನ ಹಾಗೆ.
ಮತ್ತೆ ಓಡಿದೆ. ಕಡ್ಡಿ ಹಿಡಿದೆ.
ಅಳತೆ ಸರಿಯಿತ್ತು.
ತಪ್ಪಿದ್ದು ಕೈ.

ಯಾರದಪ್ಪ ಹಾಗಾದರೆ?
ಮೀಸೆ ಮೂಡದ ಹುಡುಗನದೋ,
ರಾತ್ರಿ ಪಾಳಿಯಲ್ಲಿ ಸೊರಗಿದ ಯಾವನದೋ?
ಆಟಿಕೆಯಾಗಿದ್ದರೆ ಇಷ್ಟು ಸವೆಯುತ್ತಿರಲಿಲ್ಲ.

ಈರಮ್ಮ ಅವರೆಕಾಯಿ ಬಿಡಿಸುತ್ತ ಕೂತಿದ್ದವಳು
ಸೆರಗಿಗೆ ಕೈ ಒರೆಸಿ 'ಕೊಡಿ ಇಲ್ಲಿ' ಅಂದಳು.
ನಾಲ್ಕೂ ಬೆರಳು ಒಳಗೆ.
ಹಾಗೇ ಸ್ವಲ್ಪ ಹೊತ್ತು ಹಿಡಿದೇ ಇದ್ದಳು.
ಇಪ್ಪತ್ತೆರಡು ವರ್ಷದಲ್ಲಿ ನಾನು
ಅವಳ ಮಣಿಕಟ್ಟನ್ನು ನೋಡಿದ್ದೇ ಆಗ ಅನ್ನಿಸುತ್ತದೆ.
ಕೆಳಗಿಟ್ಟು, 'ಭಾರ ಮುಂದಕ್ಕೈತೆ, ಹಿಂದಕ್ಕೆ ತಗೊಳ್ಳಿ' ಎಂದು
ಮತ್ತೆ ಅವರೆಕಾಯಿಗೆ ಹೋದಳು.
ಭಾರ ಮುಂದಕ್ಕೇ ಇತ್ತು.

ದಾವಣಗೆರೆಯಿಂದ ನಾಟಕ ಕಂಪನಿಯವರು ಬಂದರು.
ಇದು ಚಿಕ್ಕದಾಯಿತು, ಕೊನೇ ಸಾಲಿಗೂ ಕಾಣಬೇಕು,
ಹಿತ್ತಾಳೆ ಹಿಡಿ, ಕೆಂಪು ಗಾಜಿನ ಹರಳು.
ಮಾಡಿಕೊಟ್ಟೆ. ಸುಳ್ಳೇ ಆದರೂ ಚೆನ್ನಾಗಿ ಮಿಂಚುತ್ತದೆ.
ಅದರ ಹಿಂದೆಯೇ ಠಾಣೆಯಿಂದ ಪೇದೆ ಬಂದ.
'ಬಾಯಿ ಹಾಕಿಲ್ಲ ಸ್ವಾಮಿ, ಎಲ್ಲವೂ ಮೂಗ.'
ಒಂದೊಂದರ ಮೇಲೂ ಹೆಬ್ಬೆರಳು ಎಳೆದು, ಚಹಾ ಕುಡಿದು ಹೋದ.

ಚಿಕ್ಕದು ಮಾತ್ರ ಇನ್ನೂ ಇಲ್ಲೇ ಇದೆ.
ಬಸ್‌ಸ್ಟ್ಯಾಂಡಿನ ಓಬಳೇಶ, ಚಪ್ಪಲಿ ಹೊಲಿಯುವವನು,
ಅದಕ್ಕೊಂದು ಒರೆ ಹೊಲಿದು ದುಡ್ಡು ಬೇಡ ಅಂದ.
ಭಾರ ಹಿಂದಕ್ಕೆ ತಂದಿದ್ದೇನೆ.
ಒಂದೇ ಬಾಕಿ:
ಮೊನೆಯಿಂದ ಎರಡಂಗುಲ ಹಿಂದೆ
ಗಾಜಿನೊಳಗಿನದಕ್ಕೆ ಒಂದು ಮುಕ್ಕು ಇದೆ.
ಅರದಿಂದ ಮೂರು ಸಲ ಎಳೆದರೆ ಥೇಟ್ ಅದೇ.
ಎಂಟು ದಿನದಿಂದ ಅರ ಕೈಯಲ್ಲೇ ಇದೆ.
ಎದುರಿನವನ ಅಲಗಿಗೆ ತಾಗಿತೋ, ಎಲುಬಿಗೋ,
ತೆಂಗಿನಕಾಯಿ ಒಡೆಯಲು ಹೋಗಿ ಹಾಗಾಯಿತೋ.
ಗೊತ್ತಿಲ್ಲದ ಏಟನ್ನು ಹೇಗೆ ಹೊಡೆಯಲಿ?

ನಾಳೆ ಸೋಮವಾರ, ಮ್ಯೂಸಿಯಮ್ಮಿಗೆ ರಜೆ.
ಮಂಗಳವಾರ ಈರಮ್ಮನನ್ನೂ ಕರೆದೊಯ್ಯುತ್ತೇನೆ.
ಕಡ್ಡಿ ಬೇಡ,
ಗಾಜಿನ ಈಚೆ ಅವಳು ಸುಮ್ಮನೆ
ಮುಷ್ಟಿ ಹಿಡಿದು ನಿಲ್ಲಲಿ.