ತಂತಿ ಕೆಳಗೆ

ಕಡಿಯುವವನು ನಾನು. ಮೊದಲೇ ಹೇಳಿಬಿಡುತ್ತೇನೆ.
ರಿಪ್ಪನ್‌ಪೇಟೆ ಸೆಕ್ಷನ್, ಹನ್ನೊಂದು ಕೆವಿ ಮಾರ್ಗ,
ಕಂಬ ಎಪ್ಪತ್ತರಿಂದ ನೂರಾ ನಲವತ್ತರ ತನಕ.
ಮಳೆಗೆ ಮುಂಚೆ, ವೈಶಾಖದ ಉರಿಯಲ್ಲಿ
ಉದ್ದ ಬಿದಿರಿಗೆ ಕತ್ತಿ ಕಟ್ಟಿ
ತಂತಿಗೆ ಕೈಚಾಚಿದ ಕೊಂಬೆಗಳ ಕೈ ತೆಗೆಯುವವನು.
ನೇರಳೆ, ಹೊನ್ನೆ, ಮತ್ತಿ, ಯಾರದೋ ಹಿತ್ತಲ ಅಪ್ಪೆಮಾವು,
ನನಗೆ ಅವುಗಳ ಹೆಸರು ಬೇಡ, ಅಳತೆ ಸಾಕು.

ಆದರೂ ಆರಿದ್ರೆಯಲ್ಲಿ ಒಂದಿಲ್ಲೊಂದು ಮರ
ಬೇರುಸಹಿತ ಬಂದು ತಂತಿಗೆ ಒರಗುತ್ತದೆ.
ಮೂರು ದಿನ ಕತ್ತಲೆ,
ಮೂರು ದಿನ ನನ್ನ ಫೋನಿಗೆ ಊರೆಲ್ಲದರ ಬೈಗುಳ.

ಬಂಗಾರಮ್ಮ ಬೈಯಲಿಲ್ಲ.
ಈ ಸಲ ಅವಳ ಮಾವಿನ ಅರ್ಧ ತಲೆ ತೆಗೆದಾಗ
ಬೇಲಿ ಬದಿ ನಿಂತು ನೋಡಿದಳು,
ಉಪ್ಪಿಗೆ ಹಾಕುವ ಹೊತ್ತು ಮೀರಿದ ಕಾಯಿಗಳನ್ನು
ಆರಿಸಿ ಸೆರಗಿಗೆ ಕಟ್ಟಿಕೊಂಡಳು.
"ಎಷ್ಟು ಕೊಂಬೆ ಆಯ್ತು?"
"ಏಳು."
"ಲೆಕ್ಕ ಇಟ್ಕೋ. ಚಿತ್ತೆ ಮಳೇಲಿ ಏಳು ಗಿಡ ನೆಡೋಕೆ ಬಾ."
ನಾನು ನಕ್ಕೆ. ಅವಳು ನಗಲಿಲ್ಲ.

ಚಿತ್ತೆಯಲ್ಲಿ ಯಾರು ಗಿಡ ನೆಡುತ್ತಾರೆ?
ನೆಡುವ ಹಬ್ಬ ಜೂನಿನಲ್ಲಿ: ಶಾಲೆ ಮಕ್ಕಳ ಸಾಲು,
ಭಾಷಣ, ಫೋಟೋ, ನಾಲ್ಕನೇ ದಿನ ಗುಂಡಿ ತುಂಬ ನೀರು,
ಸಸಿ ತೇಲಿಕೊಂಡು ಚರಂಡಿಗೆ.
ಅವಳ ವಾದ ಬೇರೆ.
"ಆಷಾಢದ ಮಳೆ ಗಿಡಕ್ಕಲ್ಲ, ಹೊಳೆಗೆ.
ಈಗ ನೋಡು, ಮೇಲೆ ಬಿಸಿಲು, ಕೆಳಗೆ ತೇವ.
ಎಲೆ ಸುಮ್ಮನಿರುತ್ತೆ, ಬೇರು ಕೆಲಸಕ್ಕಿಳಿಯುತ್ತೆ.
ಚಳಿಗಾಲ ಅಂದ್ರೆ ಬೇರಿಗೆ ಹಗಲು."

ಮೊದಲ ಸಲ ಹೋದ ದಿನ ಭೂಮಿ ಹುಣ್ಣಿಮೆ.
ಗುದ್ದಲಿ ಕಂಡವಳೇ ಕಸಿದು ಗೋಡೆಗೆ ಒರಗಿಸಿದಳು:
"ಬಸುರಿ ಹೊಟ್ಟೆಗೆ ಇವತ್ತು ಕಬ್ಬಿಣ ಮುಟ್ಟಿಸ್ತೀಯಾ?"
ಬೆರಕೆ ಸೊಪ್ಪಿನ ಪಲ್ಯ, ಸೌತೆಕಾಯಿ ಕಡುಬು
ತಿನ್ನಿಸಿ ವಾಪಸು ಕಳಿಸಿದಳು.

ಮರುದಿನ ಟೇಪು ಹಿಡಿದೇ ಹೋದೆ.
ತಂತಿ ನೆಲದಿಂದ ಹತ್ತೊಂಬತ್ತು ಅಡಿ,
ನಡುವೆ ಜೋತುಬಿದ್ದಲ್ಲಿ ಹದಿನೆಂಟೂವರೆ.
ನಾನು ಆರಿಸಿ ತಂದದ್ದು ಕುಳ್ಳರನ್ನೇ:
ನಂದಿಬಟ್ಟಲು ಎರಡು, ಒಂದು ಕೇಪಳ, ಕರಿಬೇವು,
ದಾಸವಾಳದ ಕಡ್ಡಿ, ಲಕ್ಕಿ.
ಎಷ್ಟು ಹಿಗ್ಗಿದರೂ ಕತ್ತಿಗೆ ಕೆಲಸ ಕೊಡದವು.

ಮೊಣಕೈ ಆಳದ ಗುಂಡಿ, ತಳಕ್ಕೆ ತರಗು, ಹಟ್ಟಿಗೊಬ್ಬರ.
ಪ್ಲಾಸ್ಟಿಕ್ ಚೀಲ ಹರಿದರೆ ಒಳಗೆ ಬೇರು
ದಾರಿ ಸಿಗದೆ ತನ್ನನ್ನೇ ಸುತ್ತಿಕೊಂಡಿತ್ತು,
ನಮ್ಮ ಗೋದಾಮಿನ ಮೂಲೆಯ ತಂತಿ ಸುರುಳಿಯ ಹಾಗೆ.
"ಬಿಡಿಸು," ಅಂದಳು. "ಮೆಲ್ಲಗೆ. ಜೀವ ಇರೋ ವೈರು ಅದು."
ಇಪ್ಪತ್ತಾರು ವರ್ಷ
ಜೀವ ಇರುವ ವೈರನ್ನು ಬರಿಗೈಯಲ್ಲಿ ಮುಟ್ಟದವನು
ಅವತ್ತು ಮುಟ್ಟಿದೆ.
ತಣ್ಣಗಿತ್ತು.

ಏಳನೆಯದನ್ನು ಅವಳೇ ತಂದಳು,
ತೆಂಗಿನ ಚಿಪ್ಪಿನಲ್ಲಿ ಮಳೆಗಾಲ ಕಳೆದ ಹಲಸು.
ಇಟ್ಟದ್ದು ಎಲ್ಲಿ? ಸರಿಯಾಗಿ ತಂತಿ ಕೆಳಗೆ,
ತೂಗುಗುಂಡು ಬಿಟ್ಟು ನೋಡಿದ ಹಾಗೆ.
"ಅಮ್ಮಾ, ಇದು ಅರವತ್ತು ಅಡಿ ಹೋಗುತ್ತೆ."
"ಹೋಗ್ಲಿ."
"ಹತ್ತೇ ವರ್ಷಕ್ಕೆ ನನ್ನ ತಂತಿ ಮುಟ್ಟುತ್ತೆ."
"ನಿಂಗಿನ್ನು ಎಷ್ಟು ವರ್ಷ ಸರ್ವಿಸು?"
"ನಾಲ್ಕು."
ಅಂಗಾಲಿನಿಂದ ಮಣ್ಣು ಒತ್ತುತ್ತ ಅಂದಳು,
"ಮತ್ತೆ? ಅದು ನಿನ್ನ ಪಾಲಿನ ಜಗಳ ಅಲ್ಲ."

ಸಂಜೆ ಮೋಡ ಕಂಬ ನೂರಾ ಹನ್ನೆರಡರ ಆಚೆಗೆ ಹೊಯ್ಯಿತು,
ಈಚೆ ಒಂದು ಹನಿ ಇಲ್ಲ.
ಕುರುಡು ಚಿತ್ತೆ ಎರಚಿದತ್ತ ಬೆಳೆ.
ಬಾವಿಯಿಂದ ಎರಡು ಕೊಡ ಸೇದಿ
ಕುಳ್ಳರಿಗೆಲ್ಲ ಹನಿಸಿ, ಉಳಿದರ್ಧ ಕೊಡವನ್ನು
ಅವಳು ಒಳಗೆ ಹೋದ ಮೇಲೆ
ಹಲಸಿನ ಬುಡಕ್ಕೆ ಸುರಿದೆ.

ಆಫೀಸಿನ ತಪಾಸಣೆ ಪುಸ್ತಕದಲ್ಲಿ ಒಂದು ಕಾಲಂ ಇದೆ:
ಕಂಬ ನೂರಾ ಹನ್ನೊಂದು, ಹನ್ನೆರಡರ ನಡುವೆ
ಮಾರ್ಗಕ್ಕೆ ಅಡ್ಡಿ ಇದೆಯೇ?
ಪೆನ್ನು ಸ್ವಲ್ಪ ಹೊತ್ತು ನಿಂತಿತು.
ನಾಲ್ಕು ಎಲೆ, ಒಂದು ಗೇಣು.
'ಸದ್ಯಕ್ಕೆ ಇಲ್ಲ' ಎಂದು ಬರೆದೆ.
ಆಮೇಲೆ 'ಸದ್ಯಕ್ಕೆ' ಹೊಡೆದುಹಾಕಿದೆ.