ಕುಡತಿನಿ, ನಾಲ್ಕನೇ ಘಟಕ

ಸಿಲಬಸ್ಸಿನಲ್ಲಿ ಅದಕ್ಕೆ ಎಂಟು ತಾಸು.
ಆಂತ್ರೊಪೊಸೀನ್ ಅಂತ ಹಲಗೆಯ ಮೇಲೆ ಬರೆದು
ಕೆಳಗೆ ಮಾನವಯುಗ ಅನ್ನುವಷ್ಟರಲ್ಲಿ ಸೀಮೆಸುಣ್ಣ ಮುರಿಯಿತು.
ಹಿಂದಿನ ಬೆಂಚಿನ ಗಾದಿಲಿಂಗ ಕೇಳಿದ:
'ಮಾನವ ಅಂದ್ರ ಯಾರ್ರಿ ಮೇಡಂ?
ನಾವೂ ಬರ್ತೀವೇನ್ರಿ ಅದರಾಗ?'

ನೋಟ್ಸಿನಲ್ಲಿ ಇರಲಿಲ್ಲ.
ಶನಿವಾರ ಬಳ್ಳಾರಿಯಿಂದ ಹೊಸಪೇಟೆ ಬಸ್ಸು.
ಹುಡುಗಿಯರಿಗೆ ಸೊನ್ನೆ ಟಿಕೀಟು, ಹುಡುಗರದ್ದು ನನ್ನ ಪರ್ಸು.
ಅತಿಥಿ ಉಪನ್ಯಾಸಕಿಯ ಗೌರವಧನ ಬಂದು ಮೂರು ತಿಂಗಳು.

ಹೆದ್ದಾರಿಯ ಮಗ್ಗುಲಿಗೇ ದಿಬ್ಬ.
ರಕ್ಕಸನನ್ನು ಸುಟ್ಟ ಬೂದಿ, ಅನ್ನುತ್ತದೆ ಊರು.
ದನ ಕಟ್ಟಿದವರು ಸಗಣಿ ಒಟ್ಟಿ ಒಟ್ಟಿ ಸುಟ್ಟದ್ದು, ಅನ್ನುತ್ತೇನೆ ನಾನು,
ನಾಲ್ಕು ಸಾವಿರ ವರ್ಷದ ಹಿಂದೆ.
ಯಾಕೆ ಸುಟ್ಟರು, ಅದನ್ನು ಮಾತ್ರ ಕೇಳಬೇಡಿ.
ಮುಟ್ಟದೆ ಪದರ ಎಣಿಸಿ ಎಂದೆ.
ಬಿಳಿ, ಬೂದು, ಮತ್ತೆ ಬಿಳಿ,
ಕಿಟ್ಟಗಟ್ಟಿ ಗಾಜಾದದ್ದು,
ನಡುವೆ ಒಂದು ಹಲ್ಲು. ಆಕಳದಿರಬೇಕು.

ತಲೆ ಎತ್ತಿದರೆ ಶಾಖೋತ್ಪನ್ನದ ಚಿಮಣಿ.
ಅದರ ಬುಡಕ್ಕೆ ಇನ್ನೊಂದು ಬೂದಿ,
ಕೆರೆಯಷ್ಟು ಅಗಲ,
ನೀರು ಚಿಮುಕಿಸಿದರೂ ಕೂರದ್ದು.

ಹೊನ್ನೂರವಲಿ ನಕ್ಷೆ ಬರೆದ.
ಎರಡಕ್ಕೂ ಅವೇ ಚುಕ್ಕಿ.
ಸೂಚಿಯಲ್ಲಿ ಒಂದೇ ಮಾತು: ಬೂದಿ.
ತಿದ್ದಲು ತೆಗೆದ ಕೆಂಪು ಪೆನ್ನು
ಟೋಪಿ ಬಿಚ್ಚದೆ ಚೀಲಕ್ಕೆ ಮರಳಿತು.

ಸುಂಕಮ್ಮನ ಅಪ್ಪ ಅಲ್ಲಿ ಬಲ್ಕರ್ ಲಾರಿ ತುಂಬಿಸುತ್ತಾನೆ.
'ಅದರ ಇಟ್ಟಂಗಿಲೇ ನಮ್ಮ ಮನಿ ಕಟ್ಟೀವ್ರಿ,' ಎಂದಳು.
ಸ್ವಲ್ಪ ಹೊತ್ತು ಬಿಟ್ಟು: 'ಒಗದ ಅರಿವಿ ಒಳಗ ಒಣಾಕ್ತೀವಿ.'
ಮತ್ತೆ, ದಿಬ್ಬದ ಕಡೆ ಕೈ ಮಾಡಿ:
'ಇದನ್ನ ಸುಟ್ಟೋರು ಯಾರಂತ ಯಾರಿಗೂ ತಿಳೀದು.
ಆಕಡಿಂದಕ್ಕ ರಸೀದಿ ಐತ್ರಿ, ಲೋಡಿಗೊಂದು.
ಕರೆಂಟು ಯಾರ ಮನಿಗಿ ಹೋತು
ಅಷ್ಟು ಬರದಿರೂದಿಲ್ಲ ಅದರಾಗ.'

ಗಾದಿಲಿಂಗ ನನ್ನ ಮುಖ ನೋಡಿದ.
ಪ್ರಮಾಣದ ಬಗ್ಗೆ ಹೇಳಬೇಕೆಂದಿದ್ದೆ,
ಐವತ್ತು ಸಾವಿರಕ್ಕೆ ಒಂದು, ಊರು, ನಾಡು, ಭೂಗೋಳ.
ಗಾಳಿ ತಿರುಗಿತು. ಎಲ್ಲರೂ ಬಾಯಿಗೆ ಕರ್ಚೀಪು ಒತ್ತಿಕೊಂಡೆವು.

ಸೋಮವಾರ ಅವಳ ರೆಕಾರ್ಡ್ ಪುಸ್ತಕ ದಪ್ಪಗಿತ್ತು.
ಅನ್ನದ ಅಗುಳಿನಿಂದ ಅಂಟಿಸಿದ ಹನ್ನೊಂದು ರಸೀದಿ,
ಟನ್ನು, ಲಾರಿ ನಂಬರು, ಎಣ್ಣೆಯ ಹೆಬ್ಬೆಟ್ಟು.
ಹೊರಗಿನ ಪರೀಕ್ಷಕರು ಇದೇನೆಂದು ಕೇಳಿಯೇ ಕೇಳುತ್ತಾರೆ.
ಸಹಿ ಹಾಕಿದೆ. ತಾರೀಕು ಬರೆದೆ, ತಿಂಗಳು ಬರೆದೆ,
ಇಸವಿಗೆ ಬಂದಾಗ
ಒಂದು ಗಳಿಗೆ ಕೈ ನಿಂತಿತು.