ನಾಳ, ನಾಲೆ

ಅಜ್ಮಾನಿನ ಈ ಆಸ್ಪತ್ರೆಯಲ್ಲಿ ನನ್ನ ಕೋಣೆಗೆ ಕಿಟಕಿಯಿಲ್ಲ.
ನೆಲಮಾಳಿಗೆ, ಲಾಂಡ್ರಿಯ ಪಕ್ಕ. ಗೋಡೆಯಾಚೆ
ಹೊದಿಕೆಗಳು ಗಿರಗಿರ ಸುತ್ತುವ ಸದ್ದು ದಿನವಿಡೀ.
ರೋಗಿಗಳು ಇಲ್ಲಿಗೆ ಇಳಿದು ಬರುವುದಿಲ್ಲ,
ಅವರ ಕಡತ ಬರುತ್ತದೆ.
ಓದುತ್ತೇನೆ. ಒಂದು ಅಕ್ಷರ, ನಾಲ್ಕು ಅಂಕಿ ಮಾಡಿ
ವಿಮೆಯವರಿಗೆ ಕಳಿಸುತ್ತೇನೆ.

ಮಂಗಳವಾರದ ಹದಿನೇಳನೆಯದು: ಬಾಬಿಕರ್, ಐವತ್ತೆರಡು,
ಸುಡಾನಿನವನು, ಹಮ್ರಿಯಾ ಬಂದರಿನಲ್ಲಿ ಕ್ರೇನ್ ಚಾಲಕ.
ನಸುಕಿಗೆ ವಾಂತಿ, ಎರಡು ಸಲ.
ಬಣ್ಣ ಯಾವುದೆಂದು ಡಾಕ್ಟರು ಬರೆದಿಲ್ಲ.
ಅನ್ನನಾಳದಲ್ಲಿ ಉಬ್ಬಿದ ಸಿರೆಗಳು,
ನಾಲ್ಕಕ್ಕೆ ರಬ್ಬರಿನ ಉಂಗುರ ತೊಡಿಸಿದೆ.
ಕೆಳಗೆ ಅವಸರದ ಒಂದು ಸಾಲು: ಕುಡಿತದ ಲಿವರ್.
ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆ.
ಪ್ರಶ್ನಾರ್ಥಕ ಚಿಹ್ನೆಗೆ ಕೋಡ್ ಇಲ್ಲ.

ಕೆಲಸ ಕಲಿಸುವಾಗ ಜಸಿಂತಾ ಮೇಡಂ ಹೇಳಿದ್ದರು,
ಬರೆಯದೇ ಇದ್ದದ್ದು ನಡೆದೇ ಇಲ್ಲ.
ಹಾಗಾದರೆ ರಕ್ತ ಹರಿದಿಲ್ಲ, ಕೊನೆಯ ಅಂಕಿ ಸೊನ್ನೆ.
ಗೋಡೆಯಾಚೆ ಸುತ್ತುತ್ತಿರುವ ಅವನ ಹೊದಿಕೆ
ಓದುಬರಹ ಬಲ್ಲದ್ದಲ್ಲ.

ನರ್ಸ್ ಶೆರ್ಲಿಯ ಟಿಪ್ಪಣಿ ಮಾತ್ರ ಉದ್ದ. ರಾತ್ರಿ ಮೂರಕ್ಕೆ ಬರೆದದ್ದು:
ಜನ್ಮದಲ್ಲಿ ಒಂದು ತೊಟ್ಟು ಕುಡಿದಿಲ್ಲ ಅನ್ನುತ್ತಾರೆ.
ಎರಡು ಬಟ್ಟಲು ತುಂಬ ಕೆಂಪು.
ಹುಡುಗರಿದ್ದಾಗ ಹತ್ತಿ ಹೊಲದ ಕೆನಾಲಿನಲ್ಲಿ ಈಜು,
ಮೇಲೆದ್ದರೆ ಮೈಯೆಲ್ಲ ತುರಿಕೆ.
ಹೆಂಡತಿಗೆ ಫೋನು ಮಾಡಬೇಡಿ ಎಂದರು.

ನರ್ಸು ಬರೆದದ್ದನ್ನು ಹಿಡಿದು ರೋಗ ಹೆಸರಿಸುವಂತಿಲ್ಲ, ನಿಯಮ.
ಇಡೀ ಕಡತದಲ್ಲಿ ಅವನನ್ನು ಮಾತಾಡಿಸಿದವಳು
ಅವಳೊಬ್ಬಳೇ.

ಕೆನಾಲ್ ಎಂದು ಅವಳು ಬರೆದಿದ್ದಳು.
ನಾನು ನಾಲೆ ಎಂದು ಓದಿದೆ.
ಪಾಂಡವಪುರದ ಕಡೆ, ನೀರು ಬಿಟ್ಟ ದಿನ
ಲಂಗ ಎತ್ತಿ ಕಟ್ಟಿ ತೂಬಿನ ಮೇಲಿಂದ ಧುಮುಕಿದವಳು ನಾನು.
ಅಂಥದೇ ಬೂದು ನೀರು ಅವನದೂ.
ಅಲ್ಲಿನ ಬಸವನಹುಳುವಿನೊಳಗೆ ಇನ್ನೊಂದು ಹುಳವಿತ್ತು,
ನಮ್ಮದರೊಳಗೆ ಇರಲಿಲ್ಲ.
ಇದರಲ್ಲಿ ನನ್ನ ಪುಣ್ಯ ಏನೂ ಇಲ್ಲ.

ಚರ್ಮ ತೂರಿ ಹೊಕ್ಕದ್ದು ನಲವತ್ತು ವರ್ಷ
ಯಕೃತ್ತಿನ ಬಾಯಿಗೆ ಮೊಟ್ಟೆಯಿಟ್ಟು ದಾರಿ ಕಟ್ಟಿತು.
ಮುಂದೆ ಹೋಗಲಾಗದ ರಕ್ತ ಹಿಂದೆ ಸರಿದು
ಗಂಟಲ ಕೆಳಗಿನ ಸಣ್ಣ ಕಾಲುವೆಗಳಿಗೆ ನುಗ್ಗಿತು.
ನಮ್ಮೂರ ನೀರಗಂಟಿಗಾದರೆ
ಇಷ್ಟು ಬಿಡಿಸಿ ಹೇಳಬೇಕಿರಲಿಲ್ಲ.

ಡಾಕ್ಟರಿಗೆ ಕೇಳಬಹುದು.
ಉತ್ತರವನ್ನು ಪ್ರಶ್ನೆಯ ಹೊಟ್ಟೆಯಲ್ಲಿಟ್ಟು ಕೇಳುವಂತಿಲ್ಲ.
ಹುಳ ಅನ್ನುವಂತಿಲ್ಲ. ನಾಲೆ ಅನ್ನುವಂತಿಲ್ಲ.
ಮೂರು ಸಲ ಅಳಿಸಿ ಬರೆದೆ:
ಡಾಕ್ಟರ್ ಲುಬ್ನಾ, ಸಿರೆ ಉಬ್ಬಿದ ಕಾರಣವನ್ನೂ
ರಕ್ತಸ್ರಾವ ಇತ್ತೋ ಇಲ್ಲವೋ ಎಂಬುದನ್ನೂ ದಯವಿಟ್ಟು ದಾಖಲಿಸಿ.

ಕುಡಿತ ಎಂದಾದರೆ ಆ ಪಾಲಿಸಿ ಹಣ ಕೊಡುವುದಿಲ್ಲ.
ಕ್ಯಾಂಪಿನಲ್ಲಿ, ನಮಾಜಿಗೆ ಅವನ ಹೆಗಲಿಗೆ ಹೆಗಲು ಕೊಟ್ಟು ನಿಲ್ಲುವವರಿಗೆ
ಆ ಒಂದು ಪದ ತಲುಪಿದರೆ, ಅದಕ್ಕೆ ಪಾಲಿಸಿಯೇ ಇಲ್ಲ.
ಇದನ್ನು ನಾನೂ ಬರೆಯಲಿಲ್ಲ.

ಗುರುವಾರ ಉತ್ತರ ಬಂತು. ಚಿಹ್ನೆ ಹೋಗಿತ್ತು, ಕುಡಿತ ಹೋಗಿತ್ತು,
ಹುಳದ ಹೆಸರಿತ್ತು. ಯಾರೋ ಮಂಚದ ಪಕ್ಕ ಕೂತು
ಮತ್ತೆ ಕೇಳಿದ್ದಾರೆ.
ಮೊದಲು ಕಾರಣ, ಆಮೇಲೆ ಊತ:
ಬಿ ಅರವತ್ತೈದು, ಚುಕ್ಕೆ, ಒಂದು.
ಐ ಎಂಬತ್ತೈದು, ಚುಕ್ಕೆ, ಒಂದು, ಒಂದು.
ಮೊದಲ ಒಂದು, ಇದು ಬೇರೆಯದರಿಂದ ಬಂದದ್ದು.
ಕೊನೆಯ ಒಂದು, ಹರಿಯಿತು.

ಮುಂದಿನ ಸೋಮವಾರ ವಿಮೆಯವರು ತಿರುಗಿಸಿ ಕಳಿಸಿದರು.
ಒಂದು ಜಾಗ ಖಾಲಿ ಬಿಟ್ಟಿದ್ದೀರಿ.
ಈ ಕಾಯಿಲೆ ಯಾವಾಗಿನಿಂದ?
ಪಾಲಿಸಿಗೆ ಮೊದಲೋ, ಆಮೇಲೋ?

ಯಂತ್ರ ನೀರು ತುಂಬಿಕೊಳ್ಳುತ್ತಿದೆ ಗೋಡೆಯಾಚೆ.
ದಿನ, ತಿಂಗಳು, ವರ್ಷ: ಮೂರು ಸಣ್ಣ ಚೌಕ.
ಒಂಬತ್ತರ ಹುಡುಗ ಅಂಗಿ ಕಳಚಿ ದಡದಲ್ಲಿಟ್ಟು
ಬೆರಳ ತುದಿಯಲ್ಲಿ ನೀರು ಮುಟ್ಟಿ ನೋಡುತ್ತಿದ್ದಾನೆ,
ಇನ್ನೂ ಹಾರಿಲ್ಲ.

ಕಡತ ಮುಚ್ಚದೆ ದೀಪ ಆರಿಸುತ್ತೇನೆ.
ಗಡುವು ನಾಳೆ.